ನಾಲ್ಕು ಹಲ್ಲಿನ ಲ್ಯಾಪ್‌ಟಾಪ್

ಬಬಲೇಶ್ವರದ ದನದ ಸಂತ್ಯಾಗ ಶಿವಯೋಗೆಪ್ಪ ಬಾಯಿ ತೆಗೆಸಿ ನೋಡದ ಎತ್ತು ಇಲ್ಲ. ನಾ ಎತ್ತಿನ ಬಾಯಿ ಮಾತು ಹೇಳಾಕತ್ತೇನಿ. ಅವನ ಸ್ವಂತ ಬಾಯಿ ಮುಚ್ಚಿದ್ದನ್ನ ಊರಾಗ ಯಾರೂ ನೋಡಿಲ್ಲ.

ಮೂವತ್ತೈದು ವರ್ಷದಿಂದ ದಲ್ಲಾಳಿ. ಎತ್ತಿನ ತುಟಿ ಜಗ್ಗಿ, ಹಲ್ಲು ಎಣಿಸಿ, "ಎರಡು ಹಲ್ಲಿಂದು, ಇನ್ನೂ ಕೂಸು", "ನಾಲ್ಕು ಹಲ್ಲಿಂದು, ಕಣ್ಣು ಮುಚ್ಚಿ ತಗೋ", "ಎಂಟು ಹಲ್ಲು, ಬಾಯಿ ಕೂಡೈತಿ, ಇನ್ನೇನಿದ್ರೂ ಇಳಿಜಾರು" ಅಂದನಂದ್ರ ಮುಗೀತು. ದನದ ಡಾಕ್ಟರ್ ಬಂದು ಬ್ಯಾರೆ ಹೇಳಿದ್ರ ಡಾಕ್ಟರನ ಹಲ್ಲೂ ಎಣಿಸಾಂವ. ಮನ್ಯಾಗೂ ಹಂಗ. ಬದನಿಕಾಯಿ ಆರಿಸಾಂವ ಅವನ, ಹೆಂಡತಿ ಕಾಶಿಬಾಯಿ ಸೀರಿ ಬಣ್ಣ ಆರಿಸಾಂವ ಅವನ, ದೊಡ್ಡ ಮಗಳಿಗೆ ಗಂಡನ್ನ ಆರಿಸಿದಾಂವನೂ ಅವನ. ಆ ಅಳಿಯ ಎಂಥಾ ಮಾಲು ಅಂಬೂದು ಮದುವ್ಯಾದ ಎರಡು ತಿಂಗಳಿಗೆ ಎಲ್ಲಾರಿಗೂ ತಿಳೀತು. ಆದ್ರ ಮನ್ಯಾಗ ಅದನ್ನ ಜೋರಾಗಿ ಯಾರೂ ಅನ್ನಂಗಿಲ್ಲ.

ಸಣ್ಣ ಮಗಳು ನಂದಾ. ಸಿವಿಲ್ ಡಿಪ್ಲೊಮಾ ಮುಗಿಸಿ ಎರಡು ವರ್ಷ ಮನ್ಯಾಗ ಕುಂತಾಕಿ. ಕಡೀಕ ಟಿಕೋಟಾದಾಗ ಮನಿ ನಕಾಶಿ ತೆಗಿಯೂ ಎಂಜಿನಿಯರ್ ಅರುಣಕುಮಾರ ಕರೆದ. "ಬಾ ತಂಗಿ, ಕೆಲಸ ಐತಿ. ಆದ್ರ ನನ್ನ ಆಫೀಸಿನ್ಯಾಗ ಇರೂದು ಒಂದ ಕಂಪ್ಯೂಟರ್, ಅದರ ಮುಂದ ನಾನ ಕುಂದರ್ತೀನಿ. ನಿಂದು ನೀ ಲ್ಯಾಪ್‌ಟಾಪ್ ತಗೊಂಡು ಸೋಮವಾರ ಬಾ. ಅದರಾಗ ನಕಾಶಿ ಸಾಫ್ಟ್‌ವೇರ್ ಓಡಬೇಕು ನೋಡು. ನಿನ್ನ ಕಡೆ ಆಗಲಿಲ್ಲಂದ್ರ ಇನ್ನೊಬ್ಬಾಕಿ ಕಾಯಾಕತ್ತಾಳ" ಅಂದ. 

ನಂದಾ ಮೂರು ದಿನ ಮೊಬೈಲ್‌ನ್ಯಾಗ ಓದಿ, ಎಂಥಾದ್ದು ತಗೋಬೇಕು ಅಂತ ಒಂದು ಹಾಳ್ಯಾಗ ಬರಕೊಂಡ್ಲು. ಅಪ್ಪ ಆ ಹಾಳಿ ಇಸ್ಕೊಂಡು, ನಾಲ್ಕು ಮಡಿಕಿ ಮಾಡಿ, ಅದರ ಮ್ಯಾಲೆ ಸುಣ್ಣದ ಡಬ್ಬಿ ಇಟ್ಟ. "ಓದಿ ಯಾರರ ಎತ್ತು ತರ್ತಾರೇನು? ಕಣ್ಣಿಲೆ ನೋಡಬೇಕು, ಕೈಲೆ ಹಿಡಿದು ನೋಡಬೇಕು. ನಾ ಬರ್ತೀನಿ ನಡಿ."

ಶನಿವಾರ ಇಬ್ಬರೂ ಬಸ್ ಹತ್ತಿ ವಿಜಯಪುರಕ್ಕ ಬಂದ್ರು. ಸಿದ್ಧೇಶ್ವರ ಗುಡಿ ಹಿಂದಿನ ಓಣ್ಯಾಗ ಅಮೀನಸಾಬನ ಅಂಗಡಿ. ಹತ್ತು ವರ್ಷದ ಹಿಂದ ಅಲ್ಲಿ ಎತ್ತಿನ ಹಗ್ಗ, ಗೆಜ್ಜಿ ಮಾರ್ತಿದ್ರು, ಶಿವಯೋಗೆಪ್ಪಗ ಅಲ್ಲಿಂದ ಗುರ್ತು. ಈಗ ಸಾಬನ ಮೊಮ್ಮಗ ಸುಫಿಯಾನ ಅದ ಅಂಗಡ್ಯಾಗ ಲ್ಯಾಪ್‌ಟಾಪ್ ಇಟ್ಟಾನ. ಹಗ್ಗ ಜೋತಾಡ್ತಿದ್ದ ಮೊಳಿಗೆ ಈಗ ಚಾರ್ಜರ್ ವಾಯರ್ ಜೋತಾಡ್ತಾವ. ಅಮೀನಸಾಬ ಮಾತ್ರ ಅದ ಕುರ್ಚಿ ಮ್ಯಾಲೆ ಅದ ನಮೂನಿ ಕುಂತಿರ್ತಾನ, ಅಂಗಡ್ಯಾಗ ಏನು ಮಾರಿದ್ರೂ ತನಗ ಸಂಬಂಧ ಇಲ್ಲದವರಂಗ.

ಸುಫಿಯಾನ ಎರಡು ತಂದು ಇಟ್ಟ. ಒಂದು ಈಗಷ್ಟ ಡಬ್ಬಿ ಒಡೆದ ಹೊಸದು, ಪ್ಲಾಸ್ಟಿಕ್ ಮೈ, ಹಗುರ, ಮೂಲ್ಯಾಗ 'ಐ ತ್ರೀ' ಅಂತ ಚೀಟಿ. ಇನ್ನೊಂದು ಯಾವುದೋ ದೊಡ್ಡ ಆಫೀಸಿನ್ಯಾಗ ದುಡಿದು ಬಂದ ಸೆಕೆಂಡ್ ಹ್ಯಾಂಡ್ ಮಾಲು, ಕಬ್ಬಿಣದಂಥಾ ಮೈ, 'ಐ ಸೆವೆನ್' ಅಂತ ಚೀಟಿ. ಶಿವಯೋಗೆಪ್ಪ ಎರಡನ್ನೂ ಎತ್ತಿ ತೂಗಿದ. ಬೆನ್ನು ಸವರಿದ. ಮುಚ್ಚಳ ತೆಗೆದು ಒಳಗ ಬಗ್ಗಿ ನೋಡಿದ.

"ಹಲ್ಲೆಷ್ಟು?" ಅಂದ.

ಸುಫಿಯಾನ ಕೀಬೋರ್ಡ್ ಕಡೆ ನೋಡಿದ, ಎಣಿಸಬೇಕೇನೋ ಅಂತ.

"ವಯಸ್ಸು ಕೇಳಾಕತ್ತಾನ ನಮ್ಮಪ್ಪ" ಅಂದ್ಲು ನಂದಾ.

"ಹಾಂ, ಜನರೇಷನ್. ಈ ಐ ಸೆವೆನ್ ನಾಲ್ಕನೇ ಜನರೇಷನ್ನಿಂದು ರೀ ಕಾಕಾ. ಈ ಐ ತ್ರೀ ಹನ್ನೆರಡನೇದು."

ಶಿವಯೋಗೆಪ್ಪನ ತಲ್ಯಾಗ ತೀರ್ಪು ಬರದ ಆಗಿತ್ತು. ಒಂದು ನಾಲ್ಕು ಹಲ್ಲಿಂದು, ಭರ್ತಿ ಪ್ರಾಯ, ಏಳರ ಜೋರು, ಮ್ಯಾಲೆ ದುಡಿದು ಪಳಗಿದ್ದು. ಇನ್ನೊಂದಕ್ಕ ಹನ್ನೆರಡು ಹಲ್ಲು. ಎಂಟಕ್ಕ ಎತ್ತಿನ ಬಾಯಿ ಕೂಡತೈತಿ, ಇದು ಹನ್ನೆರಡಕ್ಕ ಮುಟ್ಟೈತಿ, ಜೋರು ಬರೇ ಮೂರು, ಮತ್ತ ಇನ್ನೂ ಒಂದು ದಿನಾನೂ ಹೂಡಿಲ್ಲಂತ. ಅಂದ್ರ ಇಷ್ಟು ದಿನ ಕುಂತು ತಿಂದೈತಿ. ಇಷ್ಟಾಗಿ ಆ ಮುದಿಯದರ ರೇಟು ಜಾಸ್ತಿ, ಪ್ರಾಯದ್ದರ ರೇಟು ಕಡಿಮಿ. ಹುಡುಗಗ ತನ್ನ ಮಾಲಿನ ಬೆಲೆ ತಾನ ಗೊತ್ತಿಲ್ಲ ಅಂತ ಶಿವಯೋಗೆಪ್ಪಗ ಒಳಗೊಳಗ ಹಿಗ್ಗು. "ಮಗಳ ನಕಾಶಿ ಕೆಲಸಕ್ಕ ಇದ ಇರಲಿ" ಅಂತ ಐ ಸೆವೆನ್ ಮ್ಯಾಲೆ ಕೈ ಇಟ್ಟ.

"ನಕಾಶಿ ಕೆಲಸಕ್ಕ ಇದು ನಡಿಯಂಗಿಲ್ರಿ ಕಾಕಾ," ಸುಫಿಯಾನ ಪಾಪ ಖರೇನ ಹೇಳಿದ. "ಈ ಐ ಸೆವೆನ್ ಭಾಳ ಹಳೇದಾತು. ಹೊಸದ ಒಯ್ರಿ."

ಮಾರಾಂವ ತನ್ನ ಮಾಲನ್ನ ತಾನ ಹಳೀತಾನಂದ್ರ ಅದನ್ನ ಒಳಗ ಇಟ್ಟುಕೊಳ್ಳೂ ಹುನ್ನಾರ ಅದು. ಸಂತ್ಯಾಗ ಇಂಥಾ ಆಟ ಶಿವಯೋಗೆಪ್ಪನ ಎಷ್ಟು ಸಲ ಆಡ್ಯಾನ. 

"ಯಪ್ಪಾ, ಹನ್ನೆರಡು ಅಂದ್ರ..." ಅಂದ್ಲು ನಂದಾ.

"ನೀ ಸುಮ್ಮನಿರು ಬೇ. ವ್ಯಾಪಾರದ ನಡುವ ಬಾಯಿ ಹಾಕಬಾರದು."

ಸೀದಾ ಅಮೀನಸಾಬನ ಕಡೆ ಹೋಗಿ, ಹೆಗಲ ಮ್ಯಾಲಿನ ಟವೆಲ್ ತೆಗೆದು ಇಬ್ಬರ ಕೈ ಮ್ಯಾಲೆ ಹಾಸಿದ. ದನದ ಸಂತಿ ರೂಢಿ ಇದು. ರೇಟು ಬಾಯಿಲೆ ಆಡಂಗಿಲ್ಲ, ಟವೆಲ್ ಕೆಳಗ ಬೆರಳು ಹಿಡಿದು ಹೇಳಬೇಕು, ಸುತ್ತ ನಿಂತವರಿಗೆ ತಿಳಿಬಾರದು. ಹತ್ತು ವರ್ಷದಿಂದ ಅಮೀನಸಾಬನ ಬೆರಳು ಯಾರೂ ಹಿಡಿದಿದ್ದಿಲ್ಲ. ಮುದುಕನ ಮಾರಿ ಅರಳಿತು. "ಅಜ್ಜಾ, ರೇಟ್ ಅದರ ಮ್ಯಾಲೆ ಬರದೈತಲ್ಲ" ಅಂತ ಮೊಮ್ಮಗ ಬಡಕೊಂಡ್ರೂ ಕೇಳಾವರ್ಯಾರು? ಟವೆಲ್ ಒಳಗ ಬೆರಳು ಜಗ್ಗಾಡಿದವು, ಕಡೀಕ ಮುಷ್ಟಿ ಬಿಗೀತು. "ಆತು" ಅಂದ್ರು ಇಬ್ಬರೂ. ಟವೆಲ್ ಎತ್ತಿದ ಮ್ಯಾಲೆ ಮಾಲು ತಿರುಗಿ ಬರಂಗಿಲ್ಲ, ಅದೂ ರೂಢಿನ.

ಸಂಜೀಕ ಮನ್ಯಾಗ ನಂದಾ ಸಾಫ್ಟ್‌ವೇರ್ ಹಾಕಿ ಒಂದು ನಾಲ್ಕು ಖೋಲಿ ಮನಿ ನಕಾಶಿ ತೆಗೆದ್ಲು. ಅಡಿಗಿಮನಿ ಗ್ವಾಡಿ ಕಂಡಿತು. ಪಡಸಾಲಿ ಕಾಣೂದ್ರಾಗ ಕಾಶಿಬಾಯಿ ಹತ್ತು ರೊಟ್ಟಿ ಬಡಿದಿದ್ಲು. ಲ್ಯಾಪ್‌ಟಾಪ್ ಒಳಗಿನ ಪಂಖಾ ಹಿಟ್ಟಿನ ಗಿರಣಿ ಹಂಗ ಒದರಾಕ ಹತ್ತಿತು, ಆಮ್ಯಾಲೆ ಎಲ್ಲಾ ಗಪ್ಪಾಗಿ ಪರದಿ ನಿಂತ ಬಿಡ್ತು. ಮತ್ತ ಚಾಲೂ ಮಾಡಿದ್ಲು. ಮತ್ತ ನಿಂತಿತು.

"ಹೊಸ ಜಾಗಾ," ಅಂದ ಶಿವಯೋಗೆಪ್ಪ. "ಹೊಂದಿಕೊಳ್ಳಾಕ ಎರಡು ದಿನ ಬೇಕು ಅದಕ್ಕ."

"ಸೋಮವಾರ ನಾಡಿದ್ದೈತಿ, ಯಪ್ಪಾ. ಇದು ತಯಾರಾದಾಗ ನಾ ಆರನೇ ಕ್ಲಾಸಿನ್ಯಾಗ ಇದ್ನಿ. ಇದರಾಗ ಜನರೇಷನ್ ನಂಬರ್ ದೊಡ್ಡದಾದಂಗ ಮಾಲು ಹೊಸದು. ಹನ್ನೆರಡರ ಐ ತ್ರೀ ಮುಂದ ನಾಲ್ಕರ ಐ ಸೆವೆನ್ ನಿಲ್ಲಂಗಿಲ್ಲ. ನನ್ನ ಹಾಳ್ಯಾಗ ಬರದಿದ್ನಿ."

"ಹಲ್ಲು ಹೆಚ್ಚಾದಂಗ ಪ್ರಾಯ ಬರ್ತೈತೇನು? ಯಾವ ಹುಚ್ಚ ಎಣಿಸ್ಯಾನ ಇದನ್ನ?"

ನಂದಾ ಸೋಮವಾರಕ್ಕಂತ ಹೊರಗ ತೆಗೆದಿಟ್ಟ ಡಿಪ್ಲೊಮಾ ಸರ್ಟಿಫಿಕೇಟನ್ನ ಫೈಲಿನ್ಯಾಗ ಹಾಕಿ, ಫೈಲನ್ನ ಟ್ರಂಕಿನ್ಯಾಗ ಇಟ್ಟು, ಕೀಲಿ ಹಾಕಿ ಒಳಗ ಹೋದ್ಲು. ಮದುವಿ ಗೊತ್ತಾದ ದಿನ ದೊಡ್ಡಾಕಿನೂ ಹಿಂಗ ಒಂದು ಮಾತಾಡದ ಒಳಗ ಹೋಗಿದ್ಲು. ಶಿವಯೋಗೆಪ್ಪಗ ಆವತ್ತು ಅದು ಒಪ್ಪಿಗಿ ಅನಿಸಿತ್ತು. ಇವತ್ತು ಹಂಗ ಅನಿಸಲಿಲ್ಲ. ಊಟದ ತಾಟು ಸರಿಸಿ ಎದ್ದು, ಲ್ಯಾಪ್‌ಟಾಪನ್ನ ತಿರುಗಿ ಚೀಲದಾಗ ಹಾಕಿದ.

ಟವೆಲ್ ವ್ಯಾಪಾರದ ಮಾಲು ತಿರುಗಿಸಾಕ ಒಂದ ದಾರಿ. ನಾಲ್ಕು ಮಂದಿ ಮುಂದ ನಿಂತು, ಎಲ್ಲಾರಿಗೂ ಕೇಳೂವಂಗ, "ಮಾಲು ಸರಿ ಐತಿ, ನನ್ನ ಕಣ್ಣು ತಪ್ಪೈತಿ" ಅನ್ನಬೇಕು. ಹಂಗಂದ ದಲ್ಲಾಳಿಗೆ ಮುಂದ ಯಾರೂ ಎತ್ತು ತೋರಸಂಗಿಲ್ಲ. ಇಷ್ಟು ವರ್ಷದಾಗ ಶಿವಯೋಗೆಪ್ಪ ಮೂರು ಮಂದಿ ಬಾಯಿಲೆ ಆ ಮಾತು ಅನ್ನಿಸ್ಯಾನ, ತಾ ಮಾತ್ರ ಒಮ್ಮೀನೂ ಅಂದಿಲ್ಲ.

ಮರುದಿನ ಐತಾರ ಮುಂಜಾನೆ "ನಡಿ" ಅಂದ ಮಗಳಿಗೆ, ಅಷ್ಟ.

ಅಂಗಡ್ಯಾಗ ಕಾಲೇಜ್ ಹುಡುಗರು ಗಿಜಿಗುಡ್ತಿದ್ರು. ಶಿವಯೋಗೆಪ್ಪ ಚೀಲ ಟೇಬಲ್ ಮ್ಯಾಲೆ ಇಟ್ಟ. ಅಮೀನಸಾಬ ಚೀಲ ನೋಡಿದ, ಅವನ ಮಾರಿ ನೋಡಿದ.

"ಶಿವಯೋಗೆಪ್ಪಾ, ಟವೆಲ್ ಎತ್ತಿ ಆಗೈತಿ."

"ಆಗೈತ್ರಿ ಸಾಬರ."

"ಏನಾತ್ರಿ ಕಾಕಾ, ವಾಪಸ್ಸೇನು?" ನಡುವ ಸುಫಿಯಾನ ಬಂದ. "ಚಿಂತಿ ಮಾಡಬ್ಯಾಡ್ರಿ. ನಮ್ಮಲ್ಲಿ ಏಳು ದಿನ ರಿಟರ್ನ್ ಐತಿ. ಬಿಲ್ ತೋರಿಸ್ರಿ, ಸಾಕು."

ಮುದುಕರಿಬ್ಬರೂ ಅವನನ್ನ ಹೆಂಗ ನೋಡಿದ್ರಂದ್ರ, ಹುಡುಗ ಎರಡು ಹೆಜ್ಜಿ ಹಿಂದ ಸರಿದ.

ಬಿಲ್ ಶಿವಯೋಗೆಪ್ಪನ ಅಂಗಿ ಕಿಸೇದಾಗ ಇತ್ತು. ಕೈ ಅಲ್ಲಿ ತನಕ ಹೋತು. ತೆಗೆದು ಕೊಟ್ಟಿದ್ರ ಮುಗೀತಿತ್ತು, ಬಬಲೇಶ್ವರಕ್ಕ ಸುದ್ದಿನೂ ಮುಟ್ಟತಿದ್ದಿಲ್ಲ. ನಂದಾ ಆ ಕಡೆ ಹೊಸ ಲ್ಯಾಪ್‌ಟಾಪಿನ ಮುಂದ ನಿಂತಿದ್ಲು, ಮುಟ್ಟಲೋ ಬ್ಯಾಡೋ ಅನ್ನೂವಂಗ. ಅಪ್ಪನ ಮುಂದ ಎಲ್ಲಾದಕ್ಕೂ ಆಕಿ ಹಂಗ ನಿಲ್ಲೂದು ಅಂಬೂದು ಅವನಿಗೆ ಈಗ ಕಂಡಿತು.

ಕಿಸೇದಿಂದ ಕೈ ತೆಗೆದ. ಅಂಗಡಿ ನಡುವ ನಿಂತು, ಸಂತ್ಯಾಗ ಒದರೂ ದನಿಲೆ ಅಂದ:

"ಮಾಲು ಸರಿ ಐತಿ. ನನ್ನ ಕಣ್ಣು ತಪ್ಪೈತಿ. ನನ್ನ ಮಗಳು ಖರೇ ಹೇಳಿದ್ಲು, ನಾ ಕೇಳಲಿಲ್ಲ."

ಅಮೀನಸಾಬ ಚೀಲ ತನ್ನ ಕಡೆ ಎಳಕೊಂಡ, ಮಾಲು ತಿರುಗಿತು. ಹುಡುಗರಾಗ ಒಬ್ಬನೂ ತಲಿ ಎತ್ತಲಿಲ್ಲ. ಎಲ್ಲಾರೂ ಮೊಬೈಲ್ ನೋಡಾಕತ್ತಿದ್ರು. ಒಬ್ಬ ಹುಡುಗ ಕಿವ್ಯಾಗಿನ ಇಯರ್‌ಫೋನ್ ಒಂದು ಕಡೀದು ತೆಗೆದು "ನನಗೇನರ ಅಂದ್ರೇನ್ರಿ?" ಅಂತ ಕೇಳಿ, ಮತ್ತ ಹಾಕ್ಕೊಂಡ. ಮೂವತ್ತೈದು ವರ್ಷ ಕಾಪಾಡಿಕೊಂಡು ಬಂದ ಮಾನ ಅಂಗಡಿ ನಡುವ ಬಿತ್ತು, ಬಿದ್ದ ಸಪ್ಪಳಾನೂ ಯಾರಿಗೂ ಕೇಳಲಿಲ್ಲ.

ನಂದಾಗ ಕೇಳಿತು. ಹೊಸ ಲ್ಯಾಪ್‌ಟಾಪನ್ನ ತನ್ನ ಕಡೆ ಎಳಕೊಂಡು, ಸುಫಿಯಾನನ್ನ ಕರೆದು, ರ‍್ಯಾಮ್ ಎಷ್ಟೈತಿ, ಮುಂದ ಹೆಚ್ಚು ಮಾಡಾಕ ಜಾಗಾ ಐತೇನು, ನಿನ್ನಿ ನಕಾಶಿ ಇದರಾಗ ಹಾಕಿ ತೋರಿಸು ಅಂತ ಕೇಳಾಕ ಹತ್ತಿದ್ಲು. ನಾಲ್ಕು ಖೋಲಿ ಮನಿ ಒಂದ ಗಳಿಗ್ಯಾಗ ಪರದಿ ತುಂಬ ಬಂದು ನಿಂತಿತು.

"ಯಪ್ಪಾ, ಇದನ್ನ ತಗೊಳ್ಳೇನು?" ಅಂದ್ಲು, ರೂಢಿ ಬಲದಿಂದ.

"ನನಗ್ಯಾಕ ಕೇಳ್ತಿ ಯವ್ವಾ," ಅಂದ ಶಿವಯೋಗೆಪ್ಪ. "ನಾಳೆ ಅದರ ಮುಂದ ಕುಂದ್ರಾಕಿ ನೀನು."