ಅತ್ತಿ ಆರಿಸಿದ ದುರ್ಬೀನು

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಮೊದಲು ಬಂದದ್ದು ವಾಸನೆ. ಬಂದೂಕಿನ ನಳಿಗೆ ತೊಳೆಯುವ ಎಣ್ಣೆಯದು, ಸ್ವಲ್ಪ ಸೀಮೆಎಣ್ಣೆಯ ಹಾಗೆ, ಸ್ವಲ್ಪ ಕಳಿತ ಬಾಳೆಹಣ್ಣಿನ ಹಾಗೆ. ಅದರ ಅಡಿಯಲ್ಲೆಲ್ಲೋ ಹುರಿದ ಶೇಂಗಾದ ವಾಸನೆಯೂ ಇತ್ತು. ಶೇಂಗಾದ್ದು ನನ್ನ ಭ್ರಮೆಯೇ ಇರಬೇಕು. ಅಪ್ಪ ಸ್ಯಾನ್ ಹೊಸೆಯ ಪಕ್ಕದ ಕ್ಯಾಂಪ್‌ಬೆಲ್‌ನ ಮನೆ ಬಿಟ್ಟು ಅರ್ಧ ಗಂಟೆ ದೂರದ ನೆವಾರ್ಕಿನಲ್ಲಿ ನನ್ನ ಅಪಾರ್ಟ್‌ಮೆಂಟಿನ ಹತ್ತಿರಕ್ಕೆ ಬರುವುದೆಂದು ಗಟ್ಟಿಯಾಗಿತ್ತು. ನಾನು ಗ್ಯಾರೇಜು ಖಾಲಿ ಮಾಡುತ್ತಿದ್ದೆ. ಆ ರಟ್ಟಿನ ಪೆಟ್ಟಿಗೆಯನ್ನು ಇಪ್ಪತ್ತು ವರ್ಷಗಳಿಂದ ಯಾರೂ ಮುಟ್ಟಿರಲಿಲ್ಲ. ಆದರೆ ಆ ಮನೆಯಲ್ಲಿ ಈ ಎರಡು ವಾಸನೆಗಳು ಎಂದೂ ಬೇರೆಬೇರೆಯಾಗಿದ್ದವಲ್ಲ. ರವಿವಾರ ಬೆಳಿಗ್ಗೆ ಅತ್ತಿ ಚಟ್ನಿಪುಡಿಗೆಂದು ಒಲೆಯ ಮೇಲೆ ಶೇಂಗಾ ಹುರಿಯಲಿಟ್ಟು, ಅಡುಗೆಮನೆಯ ಮೇಜಿನ ಮೇಲೆ ಹಳೆಯ ಟವೆಲ್ಲು ಹಾಸಿ, ರೈಫಲ್ಲು ಒರೆಸುತ್ತ ಕೂಡುತ್ತಿದ್ದಳು. ನಾನು ಮೇಜಿನ ಇನ್ನೊಂದು ತುದಿಯಲ್ಲಿ ಅವಳು ಹಾಕಿಕೊಟ್ಟ ಅ ಆ ಇ ಈ ತಿದ್ದುತ್ತಿದ್ದೆ. ಅವಳು ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಕೇಳಿಸಲೇ ಇಲ್ಲವೆಂಬಂತೆ ಒರೆಸುತ್ತಲೇ ಇರುತ್ತಿದ್ದಳು. ಕನ್ನಡದಲ್ಲಿ ಹೇಳಿದ ಮೇಲೆಯೇ ತಲೆಯೆತ್ತುತ್ತಿದ್ದಳು. ಇವತ್ತು ಈ ಅಕ್ಷರಗಳಲ್ಲಿ ಅವಳ ಪರವಾಗಿ ಒಬ್ಬನ ಮೇಲೆ ದೂರು ಬರೆಯುತ್ತಿದ್ದೇನೆ. ನಿಮಗೂ ಅಂಥ ಒಂದು ಮೇಜು, ಅಂಥ ಒಬ್ಬ ಹೆಂಗಸು ಇದ್ದಿರಬಹುದು. ಇದ್ದಿದ್ದರೆ ನನ್ನ ಸಿಟ್ಟನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಅತ್ತಿ ಎಂದರೆ ಅಪ್ಪನ ಅಕ್ಕ, ಶಕುಂತಲಾ. ಬೆಳಗಾವಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರಾಗಿದ್ದಳು. ಕಾಲೇಜಿನಲ್ಲಿದ್ದಾಗ ಎನ್‌ಸಿಸಿ ಕ್ಯಾಂಪುಗಳಲ್ಲಿ ಬಂದೂಕು ಹಿಡಿದು, ಗುರಿಯಲ್ಲಿ ಹುಡುಗರನ್ನೆಲ್ಲ ಹಿಂದೆ ಹಾಕಿದವಳು. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅತ್ತಿ ಯಾರನ್ನೂ ಕೇಳದೆ ಕೆಲಸ ಬಿಟ್ಟು, ಎರಡು ಸೂಟ್‌ಕೇಸು ಹಿಡಿದು ನಮ್ಮ ಮನೆಗೆ ಬಂದಳು. ಬೆಳಿಗ್ಗೆ ನನ್ನ ಜಡೆ ಹೆಣೆಯುವ, ಸಂಜೆ ಅಪ್ಪನ ಆಫೀಸಿನ ಗೋಳು ಕೇಳುವ ಈ ಬದುಕಿನಲ್ಲಿ ಅವಳು ತನಗಾಗಿ ಕೇಳಿದ್ದು ಒಂದೇ ವಸ್ತು. ಸ್ಯಾನ್ ಹೊಸೆಯ ಗುಡ್ಡದ ಮೇಲೆ ಗುರಿ ಹೊಡೆಯುವ ಜಾಗವೊಂದಿದೆ ಎಂದು ತಿಳಿದ ದಿನ ಅಪ್ಪನಿಗೆ ಹೇಳಿದಳು, "ನನಗೊಂದು ಬಂದೂಕು ಕೊಡಿಸೋ. ಸೀರಿ ಬ್ಯಾಡ, ಬಂಗಾರ ಬ್ಯಾಡ." ಅಪ್ಪ ಕೊಡಿಸಿದರು. ಅಲ್ಲಿ ಅವಳು ಬರಿಗಣ್ಣಿನಿಂದ ಹೊಡೆಯುತ್ತಿದ್ದ ರೀತಿ ನೋಡಲು ಪಕ್ಕದ ಸಾಲಿನವರು ತಮ್ಮದನ್ನು ನಿಲ್ಲಿಸುತ್ತಿದ್ದರು. ಆದರೆ ಐವತ್ತು ದಾಟಿದ ಮೇಲೆ ನಳಿಗೆಯ ತುದಿಯ ಗುರಿಮೊಳೆ ಅವಳ ಕಣ್ಣಿಗೆ ಮಸಕಾಯಿತು. ಒಂದು ದಿನ ಬಂದೂಕು ಕೆಳಗಿಟ್ಟು, "ಇನ್ನ ದುರ್ಬೀನು ಬೇಕವಾ," ಎಂದಳು. ರೈಫಲ್ಲಿನ ಮೇಲೆ ಕೂಡಿಸುವ ಸ್ಕೋಪನ್ನು ಅವಳು ಕಡೆಯವರೆಗೂ ದುರ್ಬೀನು ಎಂದೇ ಕರೆದಳು.

ಅದನ್ನು ಆರಿಸಲು ಅವಳಿಗೆ ಐದು ತಿಂಗಳು ಹಿಡಿಯಿತು. ಪ್ರತಿ ಶನಿವಾರ ನಾವಿಬ್ಬರೂ ಸ್ಯಾನ್ ಹೊಸೆಯ ಒಂದು ಅಂಗಡಿಗೆ ಹೋಗುತ್ತಿದ್ದೆವು. ಅಲ್ಲಿಯ ಬಿಳಿಗಡ್ಡದ ಯಜಮಾನ ಮೊದಲ ದಿನ ಎತ್ತರಕ್ಕಿದ್ದ ಗಾಜಿನ ಕಪಾಟಿನಿಂದ ಭಾರಿ ಭಾರಿ ಕೊಳವೆಗಳನ್ನು ತೆಗೆದು ತೋರಿಸಿದ. ಇಪ್ಪತ್ತನಾಲ್ಕು ಪಟ್ಟು ಹತ್ತಿರ ಕಾಣಿಸುವಂಥವು ಅವು, ಕಾಡುಹಂದಿ ಬೇಟೆಗೂ ಆಗುತ್ತವೆ ಎಂದ. ಅತ್ತಿ ಒಂದನ್ನು ಕಣ್ಣಿಗೆ ಹಿಡಿದು ತಕ್ಷಣ ಇಳಿಸಿದಳು. "ಇದರಾಗ ನನ್ನ ಎದಿ ಬಡಿಯೋದು ಕಾಣಸ್ತದ. ಹಂದಿ ಎಲ್ಲಿ ಅದ ಅಂತ ಹುಡುಕೋದ್ರಾಗ ಹಂದಿ ಮನಿಗೆ ಹೋಗಿರ್ತದ." ನಾನು ಅದನ್ನು ಇಂಗ್ಲಿಷಿಗೆ ಹೇಳಿದೆ. ಯಜಮಾನ ನಕ್ಕ. ಮುಂದಿನ ಶನಿವಾರದಿಂದ ಅವಳಿಗೆ ಕುರ್ಚಿ ಹಾಕಿಸಿದ. ಅವಳು ಒಂದೊಂದನ್ನೂ ಕೆನ್ನೆಗೆ ತಾಗಿಸಿ, ಕಣ್ಣು ಮುಚ್ಚಿ, ಆಮೇಲೆ ತೆರೆಯುತ್ತಿದ್ದಳು. ತೆರೆದ ಕೂಡಲೇ ಪೂರ್ತಿ ವೃತ್ತ ಕಾಣಬೇಕು, ಕುತ್ತಿಗೆ ಉದ್ದ ಮಾಡಿ ಹುಡುಕುವಂತಿರಬಾರದು. ಕಣ್ಣಿಗೂ ಗಾಜಿಗೂ ನಡುವೆ ನಾಲ್ಕು ಬೆರಳಾದರೂ ಜಾಗ ಬೇಕು, ಇಲ್ಲವಾದರೆ ಬಂದೂಕು ಒದ್ದಾಗ ಹುಬ್ಬು ಸೀಳುತ್ತದೆ. ಅಡ್ಡಗೆರೆ ಉದ್ದಗೆರೆಗಳು ಸಂಜೆಗೂ ಕಾಣುವಷ್ಟು ದಪ್ಪಗಿರಬೇಕು, ದೂರದ ಗುರಿಯನ್ನು ಮುಚ್ಚಿಬಿಡುವಷ್ಟು ದಪ್ಪ ಆಗಬಾರದು. ಅಂಗಡಿಯ ದೀಪದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆಂದು, ಹೊತ್ತು ಇಳಿಯುವವರೆಗೆ ಕಾದು, ಬಾಗಿಲಾಚೆ ನಿಂತು ರಸ್ತೆಯ ಕೊನೆಯ ಮರದ ಎಲೆಗಳನ್ನು ನೋಡುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ ಅವಳು ಕೇಳುತ್ತಿದ್ದದ್ದು ಗುರಿ ಏರಿಸಿ ಇಳಿಸುವ ಮೇಲಿನ ತಿರುಗಣಿಯ ಕಟಕಟ ಸದ್ದನ್ನು. ಹತ್ತು ಸಲ ಮೇಲೆ ತಿರುಗಿಸಿ ಹತ್ತು ಸಲ ಕೆಳಗೆ ತಂದರೆ ಗೆರೆ ಹೊರಟಲ್ಲಿಗೇ ಬಂದು ನಿಲ್ಲಬೇಕು. "ದೊಡ್ಡದಿರೋದು ಬ್ಯಾಡ," ಎಂದು ನನಗೆ ಹೇಳುತ್ತಿದ್ದಳು, "ಮಾತಿಗೆ ನಿಲ್ಲೋದು ಬೇಕು." ಕೊನೆಗೆ ಮೂರರಿಂದ ಒಂಬತ್ತು ಪಟ್ಟಿನ, ಕೈಗೆ ಹಗುರಾದ, ನೋಡಲು ಸಾದಾ ಆದ ಒಂದನ್ನು ಆರಿಸಿದಳು. ಆ ದಿನ ಕಾರಿನಲ್ಲಿ ಅದನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದಳು.

ಈಗ ಮಾಧವ ಅಂಕಲ್. ಅಪ್ಪನ ಆಫೀಸಿನವರು, ಮಂಗಳೂರಿನ ಕಡೆಯವರು, ಜೋರು ದನಿ, ಜೋರು ನಗು. ಪ್ರತಿ ಶರತ್ಕಾಲದಲ್ಲಿ ನಾಲ್ಕೈದು ಜನರನ್ನು ಕಟ್ಟಿಕೊಂಡು ಸ್ಯಾನ್ ಹೊಸೆಯಿಂದ ದಕ್ಷಿಣಕ್ಕೆ ಎರಡು ಗಂಟೆ ದೂರದ ಒಂದು ರ‍್ಯಾಂಚಿಗೆ ಕಾಡುಹಂದಿ ಬೇಟೆಗೆ ಹೋಗುತ್ತಿದ್ದರು. ನನಗೆ ಹನ್ನೊಂದು ವರ್ಷವಾಗಿದ್ದಾಗ ಅತ್ತಿಯನ್ನೂ ಕರೆದರು. ಹೊರಡುವುದಕ್ಕೆ ಒಂದು ವಾರವಿದ್ದಾಗ ನಮ್ಮ ಮನೆಗೆ ಬಂದು, ಅವಳ ದುರ್ಬೀನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಎಂತ ಅಕ್ಕಾ, ಒಂಬತ್ತು ಪಟ್ಟು ಎಂತಕ್ಕೆ ಸಾಕಾಗ್ತದೆ ಮಾರಾಯ್ರೆ? ಈ ಸಲ ನನ್ನದು ಇಟ್ಕೊಳ್ಳಿ. ಅದ್ರಲ್ಲಿ ಹೊಡೆದ್ರೆ ನಿಮ್ಗೇ ಗೊತ್ತಾಗ್ತದೆ. ನಿಮ್ಮದು ನಾನು ಸುಮ್ನೆ ಟ್ರೈ ಮಾಡ್ತೇನೆ." ಅತ್ತಿಗೆ ಮನಸ್ಸಿರಲಿಲ್ಲ. ಆದರೆ ತಮ್ಮನ ಗೆಳೆಯ, ಪ್ರೀತಿಯಿಂದ ಕೊಡುತ್ತಿದ್ದಾನೆ, ಬೇಡ ಎನ್ನಲಾರದೆ ಹೋದಳು. ಅವರ ಭಾರಿ ಸ್ಕೋಪನ್ನು, ಬಂದೂಕಿಗೆ ಬಿಗಿಯುವ ಅದರ ಹಿಡಿಯುಂಗುರಗಳ ಸಮೇತವೇ, ಕೂಡಿಸಿಕೊಂಡು ಗುಡ್ಡಕ್ಕೆ ಹೋಗಿ ಪರೀಕ್ಷಿಸಿದಳು. ಗುಂಡುಗಳು ಒಂದರ ಪಕ್ಕ ಒಂದು ಬಿದ್ದವು. ಅವಳು ನೋಡಿಯೇ ಹೊರಟಿದ್ದಳು ಎಂಬುದನ್ನು ನೀವು ಮರೆಯಬಾರದು.

ರ‍್ಯಾಂಚಿನ ದಾರಿಯಲ್ಲಿ ಜೀಪು ಕಲ್ಲುಗುಂಡಿಗಳ ಮೇಲೆ ಅರ್ಧ ಗಂಟೆ ಎಗರಾಡಿತು. ಸಂಜೆಯ ಹೊತ್ತು, ಒಣಗಿ ಹೊಂಬಣ್ಣವಾದ ಹುಲ್ಲಿನ ಇಳಿಜಾರಿನಲ್ಲಿ ನಾನು ಅತ್ತಿಯ ಪಕ್ಕ ಬೋರಲಾಗಿ ಮಲಗಿದ್ದೆ. ಕಾಲುಚೀಲದಲ್ಲಿ ಹುಲ್ಲಿನ ಮುಳ್ಳು ಚುಚ್ಚುತ್ತಿತ್ತು, ಗಾಳಿಯಲ್ಲಿ ಕಹಿ ಸೊಪ್ಪಿನ ಘಾಟು. ನೂರೈವತ್ತು ಗಜ ದೂರದ ಓಕ್ ಮರದ ಕೆಳಗೆ ಹಂದಿಯೊಂದು ಬಂದು ಅಡ್ಡಕ್ಕೆ ನಿಂತಿತು. ಅತ್ತಿಯ ಮೊಣಕೈ ನನ್ನ ಭುಜಕ್ಕೆ ತಾಗಿತ್ತು. ಅವಳು ಉಸಿರು ಬಿಟ್ಟು ನಿಲ್ಲಿಸಿದ್ದು, ಬೆರಳು ಮೆಲ್ಲಗೆ ಹಿಂದಕ್ಕೆ ಬಂದದ್ದು ನನ್ನ ಮೈಗೇ ಗೊತ್ತಾಯಿತು. ಆ ತೋಳು ಕಲ್ಲಿನ ಹಾಗಿತ್ತು. ಗುಂಡು ಹೊಟ್ಟೆಗೆ ಬಿತ್ತು. ಹಂದಿ ಕಿರುಚಿದ ಸದ್ದು ಗುಡ್ಡದಿಂದ ಗುಡ್ಡಕ್ಕೆ ಹೋಯಿತು. ಅದು ಪೊದೆಗಳೊಳಗೆ ನುಗ್ಗಿತು. ಕತ್ತಲಾಗುವವರೆಗೂ ರಕ್ತದ ಹನಿ ಹಿಡಿದು ಹುಡುಕಿದೆವು, ಸಿಗಲಿಲ್ಲ. ಅತ್ತಿ ಮುಳ್ಳುಗಳಲ್ಲಿ ಮಂಡಿಯೂರಿ ತೆವಳುತ್ತ, "ಎಲ್ಲಿ ಅದಿ, ಎಲ್ಲಿ ಅದಿ," ಎಂದು ಅದನ್ನೇ ಕರೆಯುತ್ತಿದ್ದಳು. ಜೀವ ತೆಗೆಯುವುದಾದರೆ ಒಂದೇ ಸಲಕ್ಕೆ ತೆಗೆಯಬೇಕು, ಇಲ್ಲವಾದರೆ ಮುಟ್ಟಲೇಬಾರದು ಎಂದು ನನಗೆ ಕಲಿಸಿದವಳು ಅವಳು. ಮರುದಿನ ಬೆಳಿಗ್ಗೆ ಮಾಧವ ಅಂಕಲ್ ಅವಳ ದುರ್ಬೀನಿನಿಂದಲೇ ಎರಡು ಹಂದಿ ಹೊಡೆದರು. ಜೀಪಿನಲ್ಲಿ ಎಲ್ಲರೆದುರು ಹೇಳಿದರು, "ಪಾಪ, ಅಕ್ಕನ ಕೈ ನಡುಗಿತು. ವಯಸ್ಸಾಯ್ತಲ್ಲ."

ಅತ್ತಿ ಅದನ್ನು ನಂಬಿದಳು. ನಾನು ಹತ್ತು ಸಲ ಹೇಳಿದೆ, ನಡುಗಲಿಲ್ಲ ಅತ್ತಿ, ನಾನು ಪಕ್ಕದಲ್ಲೇ ಇದ್ದೆ ಎಂದು. ಮಗು ಸಮಾಧಾನ ಮಾಡುತ್ತಿದೆ ಎಂದುಕೊಂಡು ಅವಳು ನನ್ನ ಕೆನ್ನೆ ಸವರಿದಳು. ಬಂದೂಕು ಮತ್ತೆ ಮುಟ್ಟಲಿಲ್ಲ. ತನ್ನ ದುರ್ಬೀನನ್ನು ವಾಪಸು ಕೇಳಲಿಲ್ಲ, ಅವರೂ ಕೊಡಲಿಲ್ಲ. ಅವರ ಸ್ಕೋಪು ಪೆಟ್ಟಿಗೆ ಸೇರಿ ಗ್ಯಾರೇಜಿಗೆ ಹೋಯಿತು. ಯುಗಾದಿಗೋ ದೀಪಾವಳಿಗೋ ನಾಲ್ಕು ಮನೆಯವರು ಸೇರಿದಾಗ ಅವಳು ಚಹಾದ ಟ್ರೇ ಹಿಡಿದು ಬಂದರೆ ಮಾಧವ ಅಂಕಲ್, "ಅಕ್ಕಾ, ಚೆಲ್ಲದ ಹಾಗೆ ಮಾರಾಯ್ರೆ," ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಅತ್ತಿಯೂ ನಗುತ್ತಿದ್ದಳು. ಮೊದಲು ಕಾರು ಓಡಿಸುವುದು ಬಿಟ್ಟಳು, ಫ್ರೀವೇಯಲ್ಲಿ ನನ್ನ ಕೈಯನ್ನು ನಂಬಲಾರೆ ಎಂದು. ಆಮೇಲೆ ನನಗೆ ಜಡೆ ಹಾಕುವುದು ಬಿಟ್ಟಳು. ಜನ ಬಂದಾಗ ಬಲಗೈಯನ್ನು ಎಡಗೈಯೊಳಗೆ ಮುಚ್ಚಿಟ್ಟುಕೊಂಡು ಕೂಡುವುದು ರೂಢಿಯಾಯಿತು. ಹತ್ತು ವರ್ಷ ಹಾಗೆ ಕೂತು, ಒಂದು ಚಳಿಗಾಲ ನ್ಯುಮೋನಿಯಾ ಆಗಿ ಹೋಗಿಬಿಟ್ಟಳು. ಆಸ್ಪತ್ರೆಯಲ್ಲಿ ನಾನು ಆ ಕೈ ಹಿಡಿದುಕೊಂಡಿದ್ದೆ. ಆ ಹಂದಿಯ ಕನಸು ಈಗಲೂ ಬೀಳುತ್ತದೆ ಎಂದಳು.

ಅವಳ ರೈಫಲ್ಲನ್ನು ಅಪ್ಪ ನನಗೆ ಕೊಟ್ಟಿದ್ದರು. ಅವಳು ಹೋದ ಮೇಲೆ ನಾನೂ ಹೊಡೆಯುವುದನ್ನು ಕಲಿತಿದ್ದೆ. ಆದ್ದರಿಂದಲೇ ಆ ಪೆಟ್ಟಿಗೆಯ ಸ್ಕೋಪು ಕೈಗೆ ಬಂದಾಗ ಅದನ್ನು ಸುಮ್ಮನೆ ನೋಡಿ ಇಡಲಿಲ್ಲ. ಹಿಡಿಯುಂಗುರಗಳ ತಿರುಪು ಬಿಚ್ಚಿದೆ. ಉಂಗುರದ ಅಡಿಯಲ್ಲಿ ಕೊಳವೆ ನಜ್ಜಾಗಿತ್ತು. ನಜ್ಜಾದ ಕಡೆಗೆ ಯಾರೋ ಕಪ್ಪು ಬಣ್ಣ ಹಚ್ಚಿದ್ದರು. ಉಗುರಿನಿಂದ ಕೆರೆದರೆ ಸಿಪ್ಪೆಯೆದ್ದಿತು. ಗುಡ್ಡಕ್ಕೆ ಒಯ್ದು ರೈಫಲ್ಲಿಗೆ ಕೂಡಿಸಿ ಹೊಡೆದೆ. ಐದು ಗುಂಡು ಒಂದೇ ಕಡೆ ಬಿದ್ದವು. ಅಂಗೈಯಿಂದ ಕೊಳವೆಯನ್ನು ನಾಲ್ಕು ಸಲ ಬಡಿದು ಮತ್ತೆ ಹೊಡೆದೆ. ಗುಂಡು ಒಂದು ಗೇಣು ಎಡಕ್ಕೆ ಹೋಯಿತು. ಒಳಗಿನ ಗಾಜು ಸಡಿಲವಾಗಿತ್ತು. ನಿಂತಲ್ಲಿ ಸರಿ, ಜೀಪು ಎಗರಿದರೆ ಸುಳ್ಳು. ಬಿದ್ದು ಕೆಟ್ಟದ್ದೆಂದು ಮಾಧವ ಅಂಕಲ್‌ಗೆ ಗೊತ್ತಿತ್ತು. ಬಣ್ಣ ಹಚ್ಚಿ, ಅದನ್ನು ಅವಳ ಕೈಗೆ ಕೊಟ್ಟು, ಅವಳು ಐದು ತಿಂಗಳು ಅಲೆದು ಆರಿಸಿದ್ದನ್ನು ಒಯ್ದಿದ್ದರು.

ನಾನು ಅಳಲಿಲ್ಲ. ಮನಸ್ಸು ತಣ್ಣಗೆ, ಬಹಳ ಚೊಕ್ಕವಾಗಿ ಕೆಲಸ ಮಾಡತೊಡಗಿತು. ಮಾಧವ ಅಂಕಲ್ ನಿವೃತ್ತರಾಗಿದ್ದರು. ಶನಿವಾರ ಅದೇ ಗುಡ್ಡದ ಮೇಲೆ ಹೊಸಬರಿಗೆ ಸ್ಕೋಪು ಆರಿಸುವುದು ಹೇಗೆಂದು ಕ್ಲಾಸು ತೆಗೆದುಕೊಳ್ಳುತ್ತಿದ್ದರು. ಹೆಸರು ಬರೆಸಿ ಹೋದೆ. ಹತ್ತು ಜನರಿದ್ದರು, ಅರ್ಧಕ್ಕರ್ಧ ಕನ್ನಡದವರು. ಅವರು ನನ್ನನ್ನು ಗುರುತಿಸಿ ಸಂತೋಷಪಟ್ಟರು. "ಅಕ್ಕನ ಹುಡುಗಿ ಅಲ್ವಾ? ಅವ್ರಿಗೆ ಇದೆಲ್ಲ ಭಾರಿ ಆಸೆ ಇತ್ತು, ಪಾಪ." ಎರಡು ಗಂಟೆ ಅತ್ತಿಯ ಮಾತುಗಳನ್ನೇ ತಮ್ಮದೆಂಬಂತೆ ಹೇಳಿದರು. ದೊಡ್ಡದು ಬೇಡ, ಸಂಜೆಯ ಬೆಳಕಲ್ಲಿ ನೋಡಿ, ತಿರುಗಣಿ ಹೊರಟಲ್ಲಿಗೆ ಬರಬೇಕು. ಅವರ ರೈಫಲ್ಲಿನ ಮೇಲೆ ಇದ್ದದ್ದು ಅವಳ ದುರ್ಬೀನು.

ಕ್ಲಾಸು ಮುಗಿಯುವ ಹೊತ್ತಿಗೆ ನನ್ನ ರೈಫಲ್ಲನ್ನು ಮುಂದಿಟ್ಟೆ. "ಅಂಕಲ್, ಇದರ ಸ್ಕೋಪು ಮನೇಲಿ ಸಿಕ್ಕಿದ್ದು. ಬೇಟೆಗೆ ಆಗುತ್ತಾ ಅಂತ ನೀವೇ ಹೇಳಬೇಕು."

ಅವರು ಅದನ್ನು ಗುರುತಿಸದೆ ಕೂತು ಐದು ಗುಂಡು ಹೊಡೆದರು. "ಚೆನ್ನಾಗಿ ಉಂಟಲ್ಲ."

"ಜೀಪಲ್ಲಿ ಹೋದ್ರೂ ಹೀಗೇ ಇರುತ್ತಾ?"

ಅವರು ವಿದ್ಯಾರ್ಥಿಗಳ ಕಡೆ ತಿರುಗಿ, ಒಳ್ಳೆಯ ಪ್ರಶ್ನೆ ಎಂದರು. ಹೇಗೆ ಪರೀಕ್ಷಿಸಬೇಕೆಂದು ತೋರಿಸಲು ಕೊಳವೆಯನ್ನು ಅಂಗೈಯಿಂದ ಬಡಿದು ಮತ್ತೆ ಹೊಡೆದರು. ಗುಂಡು ಎಡಕ್ಕೆ ಹೋಯಿತು. ಇನ್ನೊಂದು ಹೊಡೆದರು, ಅದೂ ಹೋಯಿತು. ತಲೆಯಲ್ಲಾಡಿಸಿ ಎಲ್ಲರಿಗೂ ಕೇಳುವಂತೆ ಹೇಳಿದರು, "ಇದು ಎಲ್ಲಿಯೋ ಬಿದ್ದ ಸ್ಕೋಪು. ಗೊತ್ತಿದ್ದೂ ಇದನ್ನು ಬೇಟೆಗೆ ಕೊಟ್ಟವ ಮನುಷ್ಯನೇ ಅಲ್ಲ. ಪ್ರಾಣಿ ಸುಮ್ಮನೆ ನರಳಿ ಸಾಯ್ತದೆ."

ನಾನು ರೈಫಲ್ಲು ಖಾಲಿ ಮಾಡಿ, ಉಂಗುರಗಳ ತಿರುಪು ಬಿಚ್ಚಿ, ನಜ್ಜಾದ ಬದಿಯನ್ನು ಅವರ ಕಡೆ ತಿರುಗಿಸಿ ಹಿಡಿದೆ. ಅವರು ಆ ಕಪ್ಪು ಬಣ್ಣದ ಮೇಲೆ ಹೆಬ್ಬೆರಳಾಡಿಸಿದರು.

"ಯಾರದು ಅಂಕಲ್ ಇದು?"

"ಒಂದು ಟ್ರಿಪ್ಪಿಗೆ ಮಾತ್ರ ಅಂತ..." ಎಂದು ತಡವರಿಸಿದರು.

"ಅತ್ತಿಯ ಕೈ ನಡುಗಿತ್ತಾ?"

"ಇಲ್ಲ."

"ಇವರಿಗೂ ಕೇಳಿಸಲಿ."

"ಇಲ್ಲ. ಅಕ್ಕನ ಕೈ ನಡುಗ್ಲಿಲ್ಲ."

ನಾನು ಕೇಳುವ ಮೊದಲೇ ಅವರು ಬಗ್ಗಿ ತಮ್ಮ ರೈಫಲ್ಲಿನಿಂದ ಅವಳ ದುರ್ಬೀನನ್ನು ಬಿಚ್ಚತೊಡಗಿದರು. ತಿರುಪು ಬೆರಳಿನಿಂದ ಜಾರಿ ಜಾರಿ ಹೋಗುತ್ತಿತ್ತು. ಹತ್ತು ಜನ ನೋಡುತ್ತಿದ್ದರು. ಯಾರೂ ಸಹಾಯಕ್ಕೆ ಬರಲಿಲ್ಲ, ನಾನೂ ಹೋಗಲಿಲ್ಲ. ಅದು ಮುಗಿಯುವವರೆಗೆ ನಿಂತು ನೋಡಿದೆ. ನನಗೆ ಸುಖವಾಯಿತೆಂದು ಹೇಳಲು ನಾಚಿಕೆಯಿಲ್ಲ. ಆಮೇಲೆ ಅವರು ಎರಡು ಸಲ ಫೋನು ಮಾಡಿದರು. ನಾನು ಎತ್ತಲಿಲ್ಲ.

ಅಂದು ಮಧ್ಯಾಹ್ನವೇ ನೆವಾರ್ಕಿಗೆ, ಅಪ್ಪನ ಹೊಸ ಮನೆಗೆ ಹೋಗಿ ಎಲ್ಲ ಹೇಳಿದೆ. ಅಪ್ಪ ಕಿಟಕಿಯ ಹತ್ತಿರ ಕೂತು, ಕೊನೆಯವರೆಗೆ ಕೇಳಿದರು. ಆಮೇಲೆ, "ನಾನೂ ನಗತಿದ್ದೆ, ಅಲ್ಲಾ?" ಎಂದರು.

ನಾನು ಇಲ್ಲ ಅಂದಿದ್ದರೆ ಸಾಕಿತ್ತು. ಎಪ್ಪತ್ತರ ಹತ್ತಿರದ ಮನುಷ್ಯ, ನನ್ನನ್ನು ಸಾಕಿದವರು. ಆದರೆ ಆ ಉತ್ತರ ಹನ್ನೊಂದನೆಯ ವಯಸ್ಸಿನಿಂದ ನನ್ನೊಳಗೆ ತಯಾರಾಗಿ ಕೂತಿತ್ತು.

"ಹೌದಪ್ಪಾ. ನೀವೂ ನಗ್ತಿದ್ರಿ."

ಅವರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಬೆಳಗಾವಿಯೊಳಗ ಅಕ್ಕ ನನ್ನನ್ನ ಸೈಕಲ್ಲಿನ ಮುಂದಿನ ಡಂಡಿ ಮ್ಯಾಲೆ ಕೂಡಿಸ್ಕೊಂಡು ಸಾಲಿಗೆ ಒಯ್ತಿದ್ಲು," ಎಂದರು. "ಏರು ಬಂತಂದ್ರ ನಾನು ಇಳೀತೀನಿ ಅಂತಿದ್ದೆ. ಆಕಿ ಇಳಿಯಗೊಡ್ತಿದ್ದಿಲ್ಲ."

ಆ ಮನೆಯವರೆಂದು ಉಳಿದ ನಾವಿಬ್ಬರು ಕಿಟಕಿಯ ಬಿಸಿಲು ನೆಲದಿಂದ ಗೋಡೆಗೇರುವವರೆಗೂ ಹಾಗೇ ಕೂತಿದ್ದೆವು.