ಮೊಳೆ ಹೆಕ್ಕುವ ಡೆಲ್ಫಿನಾ

ಅರಿಜೋನಾದ ಸೊರಿಲ್ಲಾದಲ್ಲಿ ತಾಮ್ರದ ಗಣಿ ಮುಚ್ಚಿ ಊರು ಹಾಳುಬಿದ್ದ ಮೇಲೆ ಅಲ್ಲಿಗೆ ಬರುವವರೆಂದರೆ ಲೋಹಶೋಧಕ ಹಿಡಿದ ಹವ್ಯಾಸಿಗಳು. ಬಂದವರೆಲ್ಲ ಮೊದಲು ಕಬ್ಬಿಣಕ್ಕೆ ಯಂತ್ರ ಕೂಗದ ಹಾಗೆ ಗುಂಡಿ ತಿರುಗಿಸುತ್ತಾರೆ. ಬೆಳ್ಳಿ ನಾಣ್ಯ ಬೇಕಾದವರಿಗೆ ತುಕ್ಕು ಮೊಳೆಯ ಕಿರಿಕಿರಿ ಯಾಕೆ? ಎಪ್ಪತ್ತು ದಾಟಿದ ಡೆಲ್ಫಿನಾ ಒಚೋವಾ ಮಾತ್ರ ಆ ಗುಂಡಿ ಮುಟ್ಟುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದೇ ಮೊಳೆ.

ಅವಳು ಹುಟ್ಟಿದ್ದು ಹಳ್ಳದಾಚೆ, ಮೆಕ್ಸಿಕನ್ ಗಣಿಯಾಳುಗಳ ಕೇರಿಯಲ್ಲಿ. ಸಿಡಿಮದ್ದಿನ ಪೆಟ್ಟಿಗೆಯ ಹಲಗೆ ಜೋಡಿಸಿ ಆಳುಗಳೇ ಕಟ್ಟಿಕೊಂಡ ಮನೆಗಳು. ಗಣಿ ಮುಚ್ಚಿದ ವರ್ಷ ಕಂಪನಿ ಅವಕ್ಕೆಲ್ಲ ಬೆಂಕಿ ಇಟ್ಟಿತು. ಈಗ ಹಳೆಯ ಊರನ್ನು ಪ್ರವಾಸಿಗಳಿಗೆ ತೋರಿಸಲು ಹೊರಟ ಸಮಿತಿ ಮ್ಯಾನೇಜರನ ಬಂಗಲೆಗೆ ಬಣ್ಣ ಬಳಿಯಿತು. ಹಳ್ಳದಾಚೆ ಕಾರು ನಿಲ್ಲಿಸಲು ಜಾಗ ಮಾಡುವುದೆಂದು ತೀರ್ಮಾನಿಸಿತು. ಅಲ್ಲಿ ಮನೆಗಳೇ ಇರಲಿಲ್ಲ, ಬರೀ ಬಯಲು ಎಂದು ಅಧ್ಯಕ್ಷ ವೆಂಡೆಲ್ ಸಭೆಯಲ್ಲಿ ಹೇಳಿದ. ಡೆಲ್ಫಿನಾಳಿಗೆ ಮೈಯೆಲ್ಲ ಉರಿಯಿತು. ಹಾಗಾದರೆ ತಾನು ಹುಟ್ಟಿದ್ದು ಬಯಲಲ್ಲೇನು?

ಹಲಗೆ ಸುಟ್ಟು ಬೂದಿಯಾದಾಗ ಮೊಳೆಗಳು ಗೋಡೆ ಇದ್ದಲ್ಲೇ ಸಾಲಾಗಿ ಉದುರಿದ್ದವು. ಡೆಲ್ಫಿನಾ ಯಂತ್ರ ಹಿಡಿದು ಆ ಸಾಲಿಗೆ ಕಿವಿಗೊಟ್ಟು ನಡೆದಳು. ಯಂತ್ರ ಕೂಗಿದಲ್ಲೆಲ್ಲ ಒಂದು ಬಿಳಿ ಕಲ್ಲು ಇಟ್ಟಳು. ಕೂಗು ತಪ್ಪಿದ ಕಡೆ ಬಾಗಿಲು. ಹೀಗೆ ಬೇಸಿಗೆಯಿಡೀ ಬೆನ್ನು ಬಾಗಿಸಿದ ಮೇಲೆ ಮನೆ ಪಕ್ಕ ಮನೆಯಾಗಿ ಕೇರಿಯೇ ಎದ್ದು ಕಾಣತೊಡಗಿತು.

ವೆಂಡೆಲ್ ಕೂಡ ಯಂತ್ರ ಹಿಡಿಯುವವನೇ. ಹಳ್ಳದ ಈಚೆಯಿಂದ ಕೆಣಕುತ್ತಿದ್ದ. “ಏನಮ್ಮ ಡೆಲ್ಫಿನಾ, ಗುಜರಿ ಅಂಗಡಿ ಇಡ್ತೀಯಾ?”

“ಇಡ್ತೀನಪ್ಪ. ಮೊದಲು ನಿನ್ನನ್ನೇ ತೂಕಕ್ಕೆ ಹಾಕ್ತೀನಿ.”

ನೆಲ ಸಮ ಮಾಡಲು ಬುಲ್ಡೋಜರ್ ಬಂದ ಬೆಳಿಗ್ಗೆ ಅವಳು ಮಡಚುವ ಕುರ್ಚಿ ತಂದು, ಅಮ್ಮನ ಕಬ್ಬಿಣದ ಒಲೆಯ ಮುಚ್ಚಳ ಮಣ್ಣಲ್ಲಿ ಸಿಕ್ಕಿದ್ದ ಕಡೆ ಕೂತುಬಿಟ್ಟಳು. ಜಪ್ಪಯ್ಯ ಅಂದರೂ ಏಳಲಿಲ್ಲ. ಚಾಲಕ ಎಂಜಿನ್ ಆರಿಸಿ ವೆಂಡೆಲ್‌ನ ಮುಖ ನೋಡಿದ. ವೆಂಡೆಲ್ ದಾಪುಗಾಲು ಹಾಕುತ್ತ ಬಂದು ಕಲ್ಲಿನ ಸಾಲು ದಾಟಲು ಕಾಲೆತ್ತಿದ.

“ಅದು ಗೋಡೆ,” ಅಂದಳು ಡೆಲ್ಫಿನಾ. “ನನ್ನನ್ನ ಎಬ್ಬಿಸಬೇಕಾದ್ರೆ ಒಳಗೆ ಬಾ, ಬೇಡ ಅನ್ನಲ್ಲ. ಆದ್ರೆ ಬಾಗಿಲಿಂದ ಬಾ. ನಮ್ಮಮ್ಮನ ಮನೆಗೆ ಯಾರೂ ಗೋಡೆ ಹಾರಿ ಬಂದವರಿಲ್ಲ.”

ಎತ್ತಿದ ಕಾಲು ಹಾಗೇ ನಿಂತಿತು. ವೆಂಡೆಲ್ ಕಲ್ಲುಗಳನ್ನು ನೋಡಿದ, ಅವಳನ್ನು ನೋಡಿದ. ಆಮೇಲೆ ಕಾಲು ಹಿಂದಕ್ಕಿಟ್ಟು, ಸಾಲನ್ನು ಸುತ್ತಿಕೊಂಡು, ಕಲ್ಲಿಲ್ಲದ ಕಡೆಗೆ ಬಂದ. ಒಳಗೆ ಕಾಲಿಡುವ ಮುಂಚೆ, ಯಾರ ಮನೆಗೆ ಹೋದರೂ ಮಾಡುವ ಅಭ್ಯಾಸದಂತೆ, ಟೋಪಿ ತೆಗೆದ.