ಒಂಟೆ ಕೋಣೆ ಬಿಡದ ಕಾರಣ

ನನ್ನ ಕತ್ತು ಉದ್ದ, ಕೆಳದುಟಿ ಜೋಲು. ನಡೆಯುವಾಗ ಮೊಣಕಾಲು ಒಂದು ದಿಕ್ಕಿಗೆ ಹೋದರೆ ಪಾದ ಇನ್ನೊಂದು ದಿಕ್ಕಿಗೆ ಹೋಗುತ್ತದೆ. ಇಷ್ಟಿದ್ದೂ ನಲವತ್ತರ ಹತ್ತಿರ ಬರುವವರೆಗೆ ನಾನು ನನ್ನನ್ನು ಗಂಭೀರ ಸುಂದರಾಂಗನೆಂದೇ ನಂಬಿದ್ದೆ. ಸೇನಾಪತಿಗಳ ದೊಡ್ಡ ದೊಡ್ಡ ಚಿತ್ರ ಬರೆದು ಹೆಸರು ಮಾಡಬೇಕೆಂದು ಸರಾತೋವ್‌ನಿಂದ ಮಾಸ್ಕೋಗೆ ಬಂದವನು. ಕಲಾಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ನನ್ನ ಸೇನಾಪತಿಯನ್ನು ನೋಡಿದ ಪರೀಕ್ಷಕರು, "ಇವರು ಒಂಟೆ ಮೇಲೆ ಯಾಕೆ ಕೂತಿದಾರೆ?" ಎಂದು ಕೇಳಿದರು. ನಾನು ಬರೆದದ್ದು ಕುದುರೆ. ಹೀಗೆ ಕಾರ್ಟೂನ್ ಸ್ಟುಡಿಯೋ ಸೇರಿದೆ, ತಾತ್ಕಾಲಿಕವಾಗಿ. ಆ ತಾತ್ಕಾಲಿಕದಲ್ಲೇ ತಲೆ ನರೆಯಿತು.

ನಮ್ಮಲ್ಲಿ ಒಂಟೆ ಮತ್ತು ಗುಬ್ಬಚ್ಚಿಯ ಸರಣಿ ಶುರುವಾದಾಗ ಒಂಟೆಗೆ ಜೀವ ಕೊಡುವ ಕೆಲಸ ನನಗೆ ಬಂತು. ಪ್ರತಿಭೆಗೆ ಸಿಕ್ಕ ಮರ್ಯಾದೆ ಎಂದು ಬೀಗಿದೆ. ಕಥೆ ಇಷ್ಟೇ: ವಸತಿ ಕಚೇರಿಯವರು ಕಣ್ತಪ್ಪಿನಿಂದ ಒಂದೇ ಕೋಣೆಯನ್ನು ಇಬ್ಬರಿಗೂ ಕೊಟ್ಟಿದ್ದಾರೆ. ಒಂಟೆ ಕರವಸ್ತ್ರಕ್ಕೂ ಇಸ್ತ್ರಿ ಹಾಕುವ ಜಾತಿ. ಗುಬ್ಬಚ್ಚಿಯದು ಹುಲ್ಲುಕಡ್ಡಿ, ಬ್ರೆಡ್ಡಿನ ಚೂರು, ಕಂಡಕಂಡ ಗೆಳೆಯರ ಹಿಂಡು. ಅದನ್ನು ಓಡಿಸಲು ಒಂಟೆ ಕಂತಿಗೊಂದು ಉಪಾಯ ಹೂಡುತ್ತದೆ, ತಾನು ತೋಡಿದ ಗುಂಡಿಗೆ ತಾನೇ ಬೀಳುತ್ತದೆ. ಮಾತಿಲ್ಲ, ಬರೀ ಬೀಳುವುದು ಮತ್ತು ಏಳುವುದು. ದೇಶದ ಇನ್ನೊಂದು ತುದಿಯ ವ್ಲದಿವೊಸ್ತೊಕ್‌ವರೆಗೂ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಗುಬ್ಬಚ್ಚಿಯನ್ನು ಬರೆಯುತ್ತಿದ್ದವಳು ರೈಸಾ ನೌಮೋವ್ನಾ. ನನ್ನ ಭುಜದಷ್ಟು ಎತ್ತರವಿಲ್ಲ, ನಾಲಿಗೆ ಮಾತ್ರ ನನ್ನ ಕತ್ತಿಗಿಂತ ಉದ್ದ. ಅವಳ ಮೇಜು ನನ್ನದಕ್ಕೆ ಎದುರು. ನಮ್ಮ ಕಸುಬಿನಲ್ಲಿ ಎಲ್ಲರ ಮೇಜಿನ ಮೇಲೂ ಕನ್ನಡಿ ಇರುತ್ತದೆ. ಬರೆಯಬೇಕಾದ ಮುಖವನ್ನು ಮೊದಲು ನಾವೇ ಮಾಡಿ ನೋಡಿಕೊಳ್ಳಬೇಕು. ರೈಸಾ ತನ್ನ ಕನ್ನಡಿ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಪ್ಲತೋನ್ ಸೆರ್ಗೆಯೆವಿಚ್, ಇನ್ನೊಂದ್ಸಲ ಕೂತ್ಕೊಳ್ಳಿ ನೋಡೋಣ."

"ಯಾಕ್ರೀ?"

"ಒಂಟೆ ಹೇಗೆ ಕೂರುತ್ತೆ ಅಂತ ನೋಡ್ಬೇಕು."

"ನಾನೇನೂ ನಟಿಸ್ತಾ ಇರ್ಲಿಲ್ಲ. ಸುಮ್ನೆ ಕೂತೆ, ಅಷ್ಟೆ."

"ಅದಕ್ಕೇ ಕೇಳಿದ್ದು."

ಒಂಟೆಯ ಮೂಲಚಿತ್ರವನ್ನು ನನ್ನ ಮುಖ ನೋಡಿಯೇ ಬರೆದಿದ್ದರೆಂಬುದು ಕಸ ಗುಡಿಸುವವಳಿಗೂ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಆರು ವರ್ಷ ಅವಳ ಎದುರು ಕೂತೆ. ಆರು ವರ್ಷವೂ ಅವಳನ್ನು ಪ್ರೀತಿಸಿದೆ. ಬಾಯಿ ಬಿಡಲಿಲ್ಲ. ನಾನು ಗಂಭೀರವಾಗಿ ಏನು ಮಾಡಿದರೂ ಜನ ನಗುತ್ತಾರೆ. ಅವಳೂ ನಕ್ಕುಬಿಟ್ಟರೆ ಎಂಬ ಭಯ. ಒಂದು ಸಲ ಮಹಿಳಾ ದಿನಕ್ಕೆ ಹಳದಿ ಮಿಮೋಸಾ ಹೂವು ತಂದೆ. ಅವಳೊಬ್ಬಳಿಗೇ ಕೊಟ್ಟರೆ ಗುಟ್ಟು ರಟ್ಟಾದೀತೆಂದು ವಿಭಾಗದ ಹೆಂಗಸರಿಗೆಲ್ಲ ಹಂಚುತ್ತಾ ಬಂದೆ. ರೈಸಾಳ ಮೇಜಿಗೆ ಬರುವಷ್ಟರಲ್ಲಿ ನನ್ನ ಕೈಯಲ್ಲಿ ಉಳಿದದ್ದು ಹೂವು ಕಟ್ಟಿದ್ದ ದಾರ. "ಚೆನ್ನಾಗಿದೆ," ಎಂದು ಅದನ್ನೇ ತೆಗೆದುಕೊಂಡಳು.

ಆ ವಸಂತದಲ್ಲಿ ಗಾಳಿಸುದ್ದಿ ಹಬ್ಬಿತು. ಮೇಲಿನವರು ಯಾರೋ, "ಈ ಒಂಟೆಯಿಂದ ಪ್ರೇಕ್ಷಕರು ಏನು ಕಲೀತಾರೆ?" ಎಂದು ಕೇಳಿದ್ದಾರಂತೆ. ಹೊಸ ಕಂತನ್ನು ಕಲಾ ಪರಿಷತ್ತು ಒಪ್ಪದಿದ್ದರೆ ಸರಣಿ ಬಂದ್. ರೈಸಾ ಊರಿನ ಇನ್ನೊಂದು ತುದಿಯ ಗೊಂಬೆಚಿತ್ರ ವಿಭಾಗಕ್ಕೆ, ನಾನು ಬೀಟ್ರೂಟ್ ಕೆಡದಂತೆ ಕಾಪಾಡುವುದು ಹೇಗೆಂಬ ಬೋಧಪ್ರದ ಚಿತ್ರಕ್ಕೆ. ನನಗೆ ಸರಣಿಯ ಚಿಂತೆ ಇರಲಿಲ್ಲ. ಎದುರಿನ ಮೇಜು ಖಾಲಿಯಾಗುತ್ತದಲ್ಲ, ಅದು ಎದೆಯ ಮೇಲೆ ಕಲ್ಲು ಹೇರಿದಂತಾಗಿತ್ತು.

ನಗೆಚಿತ್ರ ನೋಡಿ ನಗದಿರುವುದೇ ಕಲಾ ಪರಿಷತ್ತಿನವರ ಉದ್ಯೋಗ. ಕತ್ತಲೆಯ ಹಾಲ್‌ನಲ್ಲಿ ಒಂಟೆ ಮೆಟ್ಟಿಲಿಂದ ಉರುಳಿತು, ಇಸ್ತ್ರಿಪೆಟ್ಟಿಗೆಯ ಮೇಲೆ ಕೂತಿತು, ಒಬ್ಬರೂ ಕೆಮ್ಮಲಿಲ್ಲ ಕೂಡ. ದೀಪ ಹೊತ್ತಿತು. ಅಧ್ಯಕ್ಷೆ ಅಗ್ರಿಪೀನಾ ಫಿಲಿಪ್ಪೊವ್ನಾ ಕನ್ನಡಕ ಸರಿಮಾಡಿಕೊಂಡರು.

"ನಂದು ಒಂದೇ ಪ್ರಶ್ನೆ. ಒಂಟೆ ಆ ಕೋಣೆ ಬಿಟ್ಟು ಯಾಕೆ ಹೋಗಲ್ಲ? ವಸತಿ ಕಚೇರಿಗೆ ಒಂದು ಅರ್ಜಿ ಕೊಟ್ರೆ ಬೇರೆ ಕೋಣೆ ಕೊಡ್ತಾರಲ್ವಾ?"

ಅರ್ಜಿ ಕೊಟ್ಟು ಹದಿನೈದು ವರ್ಷದಿಂದ ಕೋಣೆಗಾಗಿ ಕಾಯುತ್ತಿದ್ದವರು ಆ ಹಾಲ್‌ನಲ್ಲೇ ನಾಲ್ಕಾರು ಜನರಿದ್ದರು.

"ಇದು ಹಾಸ್ಯ, ಅಗ್ರಿಪೀನಾ ಫಿಲಿಪ್ಪೊವ್ನಾ..." ಎಂದು ನಮ್ಮ ನಿರ್ದೇಶಕ ಝಖಾರ್ ರಾಗ ಎಳೆದ.

"ಹಾಸ್ಯಕ್ಕೂ ಕಾರಣ ಬೇಕು."

"ಕಾರಣ... ಒಂಟೆ ವಿಷಯ ಎಲ್ಲ ನಮ್ಮ ಪ್ಲತೋನ್ ಸೆರ್ಗೆಯೆವಿಚ್‌ಗೇ ಗೊತ್ತು. ಅವರೇ ಹೇಳ್ತಾರೆ," ಎಂದು ಆ ಪುಣ್ಯಾತ್ಮ ನನ್ನನ್ನು ಮುಂದೆ ತಳ್ಳಿ ಕೂತುಬಿಟ್ಟ.

ಎದ್ದೆ. ಮೊಣಕಾಲು ಮುಂದಿನ ಕುರ್ಚಿಗೆ ಬಡಿದು ಕುರ್ಚಿ ಮಗುಚಿತು. ಬಾಯಿ ತಾನಾಗಿ ತೆರೆದುಕೊಂಡಿತು.

"ಅರ್ಜಿ ಬರೆದಿದಾನೆ. ಜೇಬಲ್ಲೇ ಇದೆ. ಕೊಡಲ್ಲ."

"ಯಾಕೆ ಕೊಡಲ್ಲ?"

"ಬೇರೆ ಕೋಣೆ ಸಿಕ್ಕಿಬಿಟ್ರೆ?"

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಕಟ್ಟೆಯೊಡೆದ ನೀರು ನಿಲ್ಲುತ್ತದೆಯೇ?

"ಹೊಸ ಕೋಣೆ ಚೊಕ್ಕಟವಾಗಿರುತ್ತೆ. ಬೆಳಗ್ಗೆ ಎದ್ರೆ ನೆಲದ ಮೇಲೆ ಒಂದು ಬ್ರೆಡ್ ಚೂರೂ ಇರಲ್ಲ. ರೇಗೋದು ಯಾರ ಮೇಲೆ? ಅವಳು ಚಹಾ ಲೋಟ ತಂದು ನನ್ನ ಚಿತ್ರದ ಮೇಲೇ ಇಡ್ತಾಳೆ, ದುಂಡು ಕಲೆ ಬೀಳುತ್ತೆ, ದಿನಾ ಬೈತೀನಿ. ಹೋದ ಚಳಿಗಾಲ ಜ್ವರ ಬಂದು ವಾರ ಪೂರ್ತಿ ಬರ್ಲಿಲ್ಲ. ನಾನೇ ಲೋಟ ಇಟ್ಟು ಕಲೆ ಮಾಡ್ಕೊಂಡೆ."

"ಒಂದ್ನಿಮಿಷ," ಎಂದರು ಅಗ್ರಿಪೀನಾ ಫಿಲಿಪ್ಪೊವ್ನಾ. "ಒಂಟೆ ಚಿತ್ರ ಬೇರೆ ಬರೀತಾನಾ?"

ಹಾಲ್ ಸಿಡಿಯಿತು. ಝಖಾರ್ ಹೊಟ್ಟೆ ಹಿಡಿದುಕೊಂಡ, ಪರಿಷತ್ತಿನ ಮುದುಕರು ಒಬ್ಬರ ಬೆನ್ನು ಒಬ್ಬರು ಗುದ್ದಿಕೊಂಡರು. ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ, "ಒಪ್ಪಿಗೆ ಇದೆ. ಒಂದೇ ತಿದ್ದುಪಡಿ, ಒಂಟೆಯ ಭಾವನೆ ಇನ್ನೂ ಸ್ವಲ್ಪ ಸ್ಪಷ್ಟವಾಗಲಿ," ಎಂದರು. ಸರಣಿ ಉಳಿಯಿತು. ಜನ್ಮದಲ್ಲಿ ಒಮ್ಮೆ ಮನಸ್ಸು ಬಿಚ್ಚಿ ಆಡಿದ ಮಾತಿಗೆ ಊರೆಲ್ಲ ನಕ್ಕಿತು. ರೈಸಾ ಎಲ್ಲಿದ್ದಾಳೆಂದು ನೋಡುವ ಧೈರ್ಯವೂ ಬರಲಿಲ್ಲ. ಪಡಸಾಲೆಯ ಗೂಟದಿಂದ ಕೋಟು ಎಳೆದು ತೊಟ್ಟುಕೊಂಡು ಮೆಟ್ಟಿಲ ಕಡೆ ಓಡಿದೆ. ಕೋಟಿನ ಗುಂಡಿ ಕೂಡಲಿಲ್ಲ. ದುಃಖಕ್ಕೆ ಎದೆ ಉಬ್ಬಿದೆ ಎಂದುಕೊಂಡೆ.

"ನಿಂತ್ಕೊಳ್ಳಿ!"

ರೈಸಾ ಏದುಸಿರು ಬಿಡುತ್ತಾ ನನಗಿಂತ ಎರಡು ಮೆಟ್ಟಿಲು ಮೇಲೆ ಬಂದು ನಿಂತಳು. ಆಗ ನಮ್ಮ ಮುಖಗಳು ಸಮಕ್ಕೆ ಬಂದವು. ಅವಳ ಮುಖದಲ್ಲಿ ನಗು ಇರಲಿಲ್ಲ.

"ಒಂಟೆ ಮನಸ್ಸು ಪರಿಷತ್ತಿಗೆಲ್ಲ ಗೊತ್ತಾಯ್ತು. ಗುಬ್ಬಚ್ಚಿನ ಯಾರಾದ್ರೂ ಕೇಳಿದ್ರಾ?"

ನನ್ನ ಕೆಳದುಟಿ ಜೋತುಬಿತ್ತು.

"ಕೇಳಿ, ಪ್ಲತೋನ್ ಸೆರ್ಗೆಯೆವಿಚ್."

"ನಾನು..."

"ಹೂಂ."

"ಅಂದ್ರೆ, ನೀವು..."

"ಹೂಂ, ನಾನು."

ಅವಳು ಕಾದಳು. ಮೇಲಿಂದ ಕೆಳಗೆ ನನ್ನನ್ನೊಮ್ಮೆ ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟಳು.

"ಹೋಗ್ಲಿ ಬಿಡು. ನೀನು ಕೇಳಿ ಮುಗಿಸೋವಷ್ಟರಲ್ಲಿ ಇಬ್ರಿಗೂ ಪಿಂಚಣಿ ಬಂದಿರುತ್ತೆ. ಒಪ್ಪಿದೀನಿ. ಈಗ ಆ ಕೋಟು ಬಿಚ್ಚು, ಹರಿದುಹೋಗುತ್ತೆ. ಅದು ನಂದು."